ಸದ್ದು ಪತ್ತೆಹಚ್ಚದೆಯೇ ಟರ್ಬೊ ಬದಲಿಸಲು ಹೇಳಿರುವ ಬಗ್ಗೆ ದೂರು

ಇವರಿಗೆ,
ಸರ್ವಿಸ್ ವಿಭಾಗದ ವ್ಯವಸ್ಥಾಪಕರು,
ಬೆಂಗಳೂರು

ಇವರಿಂದ,
ನಿಮ್ಮ ಡೀಸೆಲ್ ಕಾರಿನ ಗ್ರಾಹಕ,
ಶಿವಮೊಗ್ಗ

ಮಾನ್ಯರೇ,

61,000 ಕಿ.ಮೀ. ಓಡಿರುವ ನನ್ನ ಡೀಸೆಲ್ ಕಾರಿನಲ್ಲಿ ಎರಡು ತಿಂಗಳಿಂದ, ಎಂಜಿನ್ ಆಫ್ ಮಾಡಿದ ಕೂಡಲೇ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ಕೊಡುವ ಭಾಗ) ಇರುವ ಕಡೆಯಿಂದ ಮೂರು-ನಾಲ್ಕು ಸೆಕೆಂಡು ಕರಕರ ಸದ್ದು ಬರುತ್ತಿದೆ. ಕಾಯಿ ತುರಿಯುವಾಗ ತುರಿಮಣೆಯ ಹಲ್ಲು ಚಿಪ್ಪಿಗೆ ತಾಗಿದರೆ ಬರುವ ಸದ್ದು ಗೊತ್ತಿರುವವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಬೆಳಿಗ್ಗೆ ಊರೊಳಗೆ ಸ್ವಲ್ಪ ಓಡಿಸಿ ನಿಲ್ಲಿಸಿದರೆ ಅದು ಕೇಳಿಸುವುದಿಲ್ಲ. ಆಗುಂಬೆ ಘಾಟಿ ಹತ್ತಿ ಬಂದು, ಚಹಾಕ್ಕೆಂದು ನಿಲ್ಲಿಸಿ ತಕ್ಷಣ ಆಫ್ ಮಾಡಿದರೆ ಪ್ರತಿ ಸಲವೂ ಕೇಳಿಸುತ್ತದೆ. ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ಇಷ್ಟನ್ನೂ ನಿಮ್ಮ ಅಧಿಕೃತ ವರ್ಕ್‌ಶಾಪಿನ ಸರ್ವಿಸ್ ಅಡ್ವೈಸರ್‌ಗೆ ಹೇಳಿ, ಮೊಬೈಲಿನಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗನ್ನೂ ಕೇಳಿಸಿದ್ದೆ. ಆದರೂ ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಕಾರನ್ನು ಮಾರನೆಯ ಬೆಳಿಗ್ಗೆ ಎರಡು ಕಿ.ಮೀ. ಓಡಿಸಿ, ಸ್ಕ್ಯಾನರ್ ಹಾಕಿ, ಜಾಬ್ ಕಾರ್ಡಿನಲ್ಲಿ ‘ಸದ್ದು ಕಂಡುಬಂದಿಲ್ಲ, ಎರರ್ ಕೋಡ್ ಇಲ್ಲ’ ಎಂದು ಬರೆದರು. ಅದೇ ದಿನ ಸಂಜೆ ಟರ್ಬೊ ಪೂರ್ತಿ ಬದಲಿಸಬೇಕೆಂದು 74,500 ರೂಪಾಯಿಯ ಎಸ್ಟಿಮೇಟ್ ಕಳಿಸಿದರು. ಕಂಡುಬರದ ಸದ್ದಿಗೆ ಇಷ್ಟು ದುಬಾರಿ ಮದ್ದು ಹೇಗೆ ನಿಗದಿಯಾಯಿತು ಎಂಬ ನನ್ನ ಪ್ರಶ್ನೆಗೆ ಈವರೆಗೂ ಉತ್ತರ ಬಂದಿಲ್ಲ.

ಆಫ್ ಮಾಡಿದಾಗ ಬರುವ ಸದ್ದೆಲ್ಲ ಟರ್ಬೊ ಕೆಟ್ಟಿರುವುದರ ಗುರುತಲ್ಲ ಎಂಬುದು ನಿಮ್ಮ ತಂತ್ರಜ್ಞರಿಗೆ ನನಗಿಂತ ಚೆನ್ನಾಗಿ ತಿಳಿದಿರಬೇಕು. ಎಂಜಿನ್ ನಡುಗದೆ ನಿಲ್ಲಲೆಂದು ಗಾಳಿಯ ದಾರಿಯ ಫ್ಲ್ಯಾಪ್ ಮುಚ್ಚಿಕೊಳ್ಳುವಾಗ ‘ಟಕ್’ ಎನ್ನಬಹುದು. ಟರ್ಬೊವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಆಕ್ಚುಯೇಟರ್ ಒಮ್ಮೆ ಹಿಂದೆಮುಂದೆ ಆಡಿ ಝುಯ್ ಎನ್ನಬಹುದು. ಹೋಸಿನ ಕ್ಲಿಪ್ ಸಡಿಲವಿದ್ದರೂ ಸದ್ದು ಬರಬಹುದು. ಆದರೆ ಭಾರದಲ್ಲಿ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊ ಚಕ್ರ ಎಂಜಿನ್ ನಿಂತ ಮೇಲೂ ಕೆಲವು ಸೆಕೆಂಡು ತಿರುಗುತ್ತಿರುತ್ತದೆ, ಆ ಹೊತ್ತಿಗೆ ಆಯಿಲ್ ಪಂಪ್ ನಿಂತಿರುತ್ತದೆ; ಬೇರಿಂಗ್ ಸವೆದಿದ್ದರೆ ಚಕ್ರದ ಎಲೆಗಳು ಹೌಸಿಂಗಿಗೆ ಉಜ್ಜುತ್ತವೆ. ನನ್ನ ಕಾರಿನಲ್ಲಿರುವುದು ಇದೇ ಆಗಿರಲೂಬಹುದು. ಗಾಳಿಯ ಹೋಸ್ ಬಿಚ್ಚಿ, ಟರ್ಬೊ ಚಕ್ರ ಕೂತಿರುವ ಶಾಫ್ಟನ್ನು ಬೆರಳಲ್ಲಿ ಅಲುಗಿಸಿ, ಎಲೆಗಳ ಅಂಚಿನಲ್ಲಿ ಉಜ್ಜಿದ ಗುರುತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿದ್ದರೆ ಅರ್ಧಕ್ಕರ್ಧ ಸಂಶಯ ಅಲ್ಲೇ ತೀರುತ್ತಿತ್ತು. ಆ ಹೋಸಿನ ಕ್ಲಿಪ್ಪನ್ನು ಯಾರೂ ಮುಟ್ಟಿಯೇ ಇಲ್ಲ; ಅದರ ಮೇಲಿನ ಧೂಳು ಕಾರು ಬಿಟ್ಟ ದಿನ ಹೇಗಿತ್ತೋ ಹಾಗೇ ಕೂತಿದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ನಿಮ್ಮ ಮ್ಯಾನ್ಯುಯಲ್ ಪ್ರಕಾರ ಈ ಎಂಜಿನ್‌ಗೆ 5ಡಬ್ಲ್ಯು-30 ಆಯಿಲ್ ಹಾಕಬೇಕು, ಆದರೆ ಕಳೆದ ಸರ್ವಿಸಿನ ಬಿಲ್ಲಿನಲ್ಲಿ ಅದಕ್ಕಿಂತ ಮಂದವಾದ 15ಡಬ್ಲ್ಯು-40 ಎಂದಿದೆ. ಸದ್ದು ಶುರುವಾದದ್ದು ಆ ಸರ್ವಿಸ್ ಆದ ಒಂದು ತಿಂಗಳೊಳಗೆ. ಅದೇ ಕಾರಣವೆಂದು ನಾನು ಹೇಳುತ್ತಿಲ್ಲ. ಅಲ್ಲವೆಂದು ಹೇಳುವ ಪರೀಕ್ಷೆಯನ್ನೂ ನೀವು ಮಾಡಿಲ್ಲ.

ಆದ್ದರಿಂದ, ಕಾರನ್ನು ಬಿಸಿಯಾಗುವಷ್ಟು ಓಡಿಸಿ ನನ್ನ ಎದುರಿನಲ್ಲೇ ಪರೀಕ್ಷಿಸಿ, ಶಾಫ್ಟಿನ ಅಲುಗಾಟ, ಟರ್ಬೊಗೆ ಹೋಗುವ ಆಯಿಲ್ ಪೈಪಿನ ಸ್ಥಿತಿ ಮತ್ತು ಆಯಿಲ್ ಗ್ರೇಡ್ ಬದಲಾದ ಕಾರಣವನ್ನು ಬರಹದಲ್ಲಿ ಕೊಡಬೇಕು. ದೋಷ ಟರ್ಬೊದ್ದೇ ಎಂದು ಸಾಬೀತಾದರೆ, ಇನ್ನೂ ಎಂಟು ತಿಂಗಳು ಉಳಿದಿರುವ ಎಕ್ಸ್‌ಟೆಂಡೆಡ್ ವಾರಂಟಿಯಲ್ಲೇ ಬದಲಿಸಿ ಹಳೆಯ ಟರ್ಬೊವನ್ನು ನನಗೆ ತೋರಿಸಬೇಕು. 15 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಜಾಬ್ ಕಾರ್ಡ್, ಎಸ್ಟಿಮೇಟ್ ಮತ್ತು ಕಳೆದ ಸರ್ವಿಸಿನ ಬಿಲ್ಲಿನ ಪ್ರತಿಗಳನ್ನೂ ಸದ್ದಿನ ರೆಕಾರ್ಡಿಂಗನ್ನೂ ಲಗತ್ತಿಸಿದ್ದೇನೆ. ಪರೀಕ್ಷೆಗೆ ದಿನ ತಿಳಿಸಿದರೆ ಕಾರನ್ನು ನಾನೇ ಓಡಿಸಿಕೊಂಡು ಬರುತ್ತೇನೆ. ಎಂಜಿನ್ ಆಫ್ ಮಾಡುವ ಮೊದಲು ನಿಮ್ಮ ಮೆಕ್ಯಾನಿಕ್ ಬಾನೆಟ್ ತೆರೆದು ಪಕ್ಕದಲ್ಲಿ ನಿಂತಿರಲಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)