ಶಂಕ್ರಣ್ಣ ತೆಗೆದ ಸಿನಿಮಾನೂ ತೋರಿಸೋಣ

ಸಂಪಾದಕರಿಗೆ ನಮಸ್ಕಾರ.

ಹುಬ್ಬಳ್ಳಿ ಸ್ಟೇಷನ್ ಹತ್ತಿರ ಇಪ್ಪತ್ತಾರು ವರ್ಷದಿಂದ ಆಟೋ ಓಡಿಸುತ್ತಿದ್ದೇನೆ. ಮೂರು ಗಾಡಿ ಬದಲಾದವು, ಹಿಂಬದಿಯ ಶಂಕರ್ ನಾಗ್ ಫೋಟೊ ಬದಲಾಗಿಲ್ಲ.

ಮೊನ್ನೆ ವಿದ್ಯಾನಗರಕ್ಕೆ ಹತ್ತಿದ ಕಾಲೇಜು ಹುಡುಗ, ‘ಕಾಕಾ, ಇವ್ರು ಖರೇನ ಆಟೋ ಹೊಡಿತಿದ್ರೇನ್ರಿ?’ ಎಂದು ಕೇಳಿದ. ಅವರು ಡೈರೆಕ್ಟರೂ ಆಗಿದ್ದರು ಎಂದರೆ ನಂಬಲೇ ಇಲ್ಲ.

ಹುಡುಗನದೇನು ತಪ್ಪು? ನವೆಂಬರ್ 9ಕ್ಕೆ, ಅವರ ಜಯಂತಿಗೆ, ನಾವು ಹಾರ ಹಾಕುತ್ತೇವೆ, ಶಿರಾ ಹಂಚುತ್ತೇವೆ. ಸೌಂಡ್ ಬಾಕ್ಸಿನಲ್ಲಿ ‘ಆಟೋ ರಾಜ’ದ ಅದೇ ಹಾಡುಗಳು. ಆ ಸಿನಿಮಾ ಬಂದ 1980ರಲ್ಲೇ ಅವರು ನಿರ್ದೇಶನ ಮಾಡಿದ ‘ಮಿಂಚಿನ ಓಟ’ವೂ ಬಂತು. ಅದರ ಹೆಸರು ಎತ್ತುವವರೇ ಇಲ್ಲ.

‘ಮಾಲ್ಗುಡಿ ಡೇಸ್’ ಅನ್ನು ಚಿಕ್ಕಂದಿನಲ್ಲಿ ಪಕ್ಕದ ಮನೆಯ ಟಿವಿಯಲ್ಲಿ, ಬಾಗಿಲ ಬಳಿ ಕೂತು ನೋಡಿದ್ದೆ. ಮಾತು ಹಿಂದಿ, ಊರು ನಮ್ಮ ಆಗುಂಬೆ. ಅದನ್ನು ತೆಗೆದದ್ದು ಶಂಕ್ರಣ್ಣ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಅವರೇ ನಿರ್ದೇಶನ ಮಾಡಿದ ‘ಆಕ್ಸಿಡೆಂಟ್’ ಸಿನಿಮಾ ನೋಡಿದ್ದು ಮೊಬೈಲಿನಲ್ಲಿ, ರಾತ್ರಿ ರೈಲಿನ ಗಿರಾಕಿಗೆ ಕಾಯುತ್ತಾ. ರಾಜಕಾರಣಿಯ ಮಗ ನಶೆಯಲ್ಲಿ ಫುಟ್‌ಪಾತ್ ಮೇಲೆ ಮಲಗಿದ ಬಡವರ ಮೇಲೆ ಕಾರು ಹತ್ತಿಸುತ್ತಾನೆ. ಅಪ್ಪ ಅದನ್ನು ಮುಚ್ಚಿಹಾಕಲು ನೋಡುತ್ತಾನೆ. ಅಪ್ಪನಾಗಿ ಅನಂತ್ ನಾಗ್. ಬೆನ್ನು ಹತ್ತುವ ಪತ್ರಕರ್ತ ಸ್ವತಃ ಶಂಕ್ರಣ್ಣ. ಇದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂದಿದೆ. ನೋಡಿದ ಮೇಲೆ ಎಷ್ಟೋ ದಿನ, ಫುಟ್‌ಪಾತಿನಲ್ಲಿ ಹೊದ್ದು ಮಲಗಿದವರನ್ನು ಕಂಡರೆ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತಿತ್ತು. ಲೈಸೆನ್ಸ್ ಕೊಡುವಾಗಲೇ ಇದನ್ನು ತೋರಿಸಬೇಕು ನೋಡಿ!

ಅಂಥವರು 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲೇ ಹೋದರು. ವಯಸ್ಸು ಮೂವತ್ತೈದು. ಲೋಕಾಪುರದ ಶೂಟಿಂಗಿಗೆ, ಅಂದರೆ ನಮ್ಮ ಕಡೆಗೇ ಬರುತ್ತಿದ್ದರು. ಆ ದಾರಿಯಲ್ಲಿ ಬಾಡಿಗೆ ಹೋಗುವ ಟ್ಯಾಕ್ಸಿ ಗೆಳೆಯರು ಈಗಲೂ ಅಲ್ಲಿ ಒಮ್ಮೆ ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ.

ಈ ಸಲ ಜಯಂತಿಗೆ ಡಿಜೆ ಬಿಟ್ಟು, ಅದೇ ಪಟ್ಟಿ ದುಡ್ಡಿನಲ್ಲಿ ಸವಾಯಿ ಗಂಧರ್ವ ಹಾಲ್‌ನಲ್ಲೋ, ಬಯಲಲ್ಲಿ ಪರದೆ ಕಟ್ಟಿಯೋ ‘ಆಕ್ಸಿಡೆಂಟ್’ ತೋರಿಸೋಣ ಎಂದೆ. ‘ಹಾಡ ಇಲ್ದ ಎಂಥಾ ಜಯಂತಿ?’ ಎಂದು ಒಬ್ಬ ನಕ್ಕ. ಇನ್ನು ನಾಲ್ಕು ಜನ ಹೂಂ ಅಂದಿದ್ದಾರೆ. ಆದರೆ ಸಿನಿಮಾ ತೋರಿಸಲು ಯಾರ ಒಪ್ಪಿಗೆ ಬೇಕು, ಒಳ್ಳೆಯ ಪ್ರಿಂಟ್ ಎಲ್ಲಿ ಸಿಗುತ್ತದೆ ಎಂಬುದು ನಮಗೆ ತಿಳಿಯದು. ಬಲ್ಲ ಓದುಗರು ಇದೇ ಅಂಕಣದಲ್ಲಿ ಬರೆದರೆ ಉಪಕಾರವಾಗುತ್ತದೆ. ಕುರ್ಚಿ ಹೊರುವ ಕೆಲಸ ನಮಗಿರಲಿ.

— ಒಬ್ಬ ಆಟೋ ಚಾಲಕ, ಹಳೇ ಹುಬ್ಬಳ್ಳಿ