ಕಥಿಯೊಳಗಿನ ಹುಡುಗ್ಯಾರು ಮತ್ತ ನೀನು

ನವನಗರ, ಬಾಗಲಕೋಟಿ

ಅವ್ವಿ,

ಹಾಸ್ಟೆಲ್ ಸುದ್ದಿ, ಪ್ರಾಕ್ಟಿಕಲ್ಸ್ ಸುದ್ದಿ ಎಲ್ಲಾ ನಿಮ್ಮವ್ವಗ ಫೋನ್‌ನಾಗ ಓದಿ ಹೇಳೇನಿ, ಅದಕ್ಕ ಉತ್ತರ ಆಕಿನ ಕೊಡ್ತಾಳ. ನಾ ಬರಿಯಾಕ ಕುಂತಿದ್ದು ಕೊನೀ ಪುಟದ ತುದಿಗೆ ನೀ ಸಣ್ಣ ಅಕ್ಷರದಾಗ ತುರುಕಿದ ಮಾತಿಗೆ. "ಈ ಕಥಿ ಓದಿ ಓದಿ, ಬರದು ಬರದು, ನಾನ ಸರಿಯಾದ ಹದಿನೇಳರ ಹುಡುಗಿ ಅಲ್ಲೇನೋ ಅನ್ನಿಸಾಕತ್ತೈತಿ ದೊಡ್ಡವ್ವ, ನನ್ನೊಳಗ ಏನೋ ಕಮ್ಮಿ ಐತಿ" ಅಂತ ಬರದಿ. ಬರದು ಕೆಳಗೊಂದು ನಗೂ ಮುಖ ಬಿಡಿಸಿದಿ. ಆ ನಗು ನಂಗ ಸೇರಲಿಲ್ಲ.

ನೀ ಕಳಿಸಿದ ಕಥಿ ಎಲ್ಲಾ ಓದೇನಿ, ನಿನ್ನವೂ, ನಿನ್ನ ಗೆಳತ್ಯಾರವೂ, ಮೊಬೈಲ್‌ದಾಗ ಬಾಳ ಮಂದಿ ಓದ್ತಾರ ಅಂದ್ಯಲ್ಲ ಅವೂ. ಎಲ್ಲಾದ್ರಾಗೂ ಅದ ಹುಡುಗ. ಇನ್ನೂ ಹದಿನೆಂಟು ತುಂಬಿರೂದಿಲ್ಲ, ಬುಲೆಟ್ ಮ್ಯಾಲ ಬರ್ತಾನ, ಇಡೀ ಕಾಲೇಜ್ ನಡಗತೈತಿ, ಅವರಪ್ಪಂದು ದೊಡ್ಡ ಕಂಪನಿ, ಸಿಟ್ಟು ಬಂದ್ರ ಗ್ವಾಡಿಗೆ ಗುದ್ದತಾನ, ಗುದ್ದಿದ ಕೈಗೆ ಪಟ್ಟಿ ಕಟ್ಟಾಕ ಆ ಅಮಾಯಕಿ ಹುಡುಗಿನ ಬರಬೇಕು. ಆಕಿನೋ ನಡದ್ರ ಎಡವತಾಳ, ಎಡವಿದ್ರ ಸೀದಾ ಅವನ ತೋಳಾಗ ಬೀಳ್ತಾಳ, ಚಸ್ಮಾ ತಗದ್ರ ಸುಂದ್ರಿ. ಜೋಡಿಗೆ ಒಬ್ಬಾಕಿ ದಪ್ಪ ಗೆಳತಿ, ಆಕಿ ಯಾವಾಗ್ಲೂ ಏನರ ತಿಂತಿರಬೇಕು. ನಮ್ಮ ಕಡೆ ಕನ್ನಡ ಮಾತಾಡಾಂವ ಒಬ್ಬ ಬಂದ ಅಂದ್ರ ಅಂವ ಒಂದೋ ಅಡಗಿಯಾಂವ, ಇಲ್ಲಾ ರೌಡಿ (ಇದನ್ನ ಓದಿ ನಿಮ್ಮ ದೊಡ್ಡಪ್ಪ ಬಾಳ ನಕ್ಕರು, ನಂಗೇನ್ ನಗು ಬರ್ಲಿಲ್ಲ).

ಆದ್ರ ಇವರ್ಯಾರಿಗೂ ಪಿಯು ಪರೀಕ್ಷಾ ಇಲ್ಲ, ಸಿಇಟಿ ಇಲ್ಲ. 2023ರಾಗ ಶಕ್ತಿ ಯೋಜನೆ ಬಂದಾಗಿಂದ ಹುಡುಗ್ಯಾರು ಕೆಂಪು ಬಸ್ಸಿನಾಗ ಆಧಾರ್ ಕಾರ್ಡ್ ತೋರಿಸಿ ಝೀರೋ ಟಿಕೆಟ್ ತಗೊಂಡು ಕಾಲೇಜಿಗೆ ಹೊಂಟಾರ, ಅಂಥಾ ಹೀರೋಯಿನ್ ಒಬ್ಬಾಕಿನೂ ಕಾಣ್ಲಿಲ್ಲ. ಮೆಸ್ಸಿನ ಸಾರಿನಾಗ ಬ್ಯಾಳಿ ಹುಡುಕಾಕಿ ಇಲ್ಲ, ತಿಂಗಳ ಹೊಟ್ಟಿನೋವಿಗೆ ಲಾಸ್ಟ್ ಬೆಂಚಿನಾಗ ತಲಿ ಇಟ್ಟು ಮಲಗಾಕಿ ಇಲ್ಲ, ಅಪ್ಪಗ ಫೀ ಕೇಳಾಕ ಅಂಜಿ ರಿಂಗ್ ಆಗೂಕಿಂತ ಮುಂಚೆ ಫೋನ್ ಕಟ್ ಮಾಡಾಕಿ ಇಲ್ಲ. ಇವೆಲ್ಲಾ ಮಾಡಾಕಿ ನೀನು. ಹಂಗಿದ್ರ ಕಮ್ಮಿ ಯಾರಾಗ ಐತಿ, ನೀನ ಹೇಳು.

ಹಿಂಗ ವಾದ ಮಾಡಿದ್ರ ನಿನ್ನ ಅಂಜಿಕಿ ಹೋಗೂದಿಲ್ಲ, ನಂಗೊತ್ತು. ನಂದೂ ಹೋಗಿರ್ಲಿಲ್ಲ.

ನಾನೂ ಆ ವಯಸ್ಸಿನಾಗ ಹಳೇ ಊರಾಗಿನ ವಾಚನಾಲಯದಿಂದ ವಾರಪತ್ರಿಕಿ ತಂದು ಧಾರಾವಾಹಿ ಓದಾಕಿ. ಅದರಾಗಿನ ಹುಡುಗ್ಯಾರು ದುಃಖ ಆದ್ರ ಊಟ ಬಿಡೋರು, ದಿಂಬು ತೋಯಿಸೋರು, ಜ್ವರ ಹಿಡಕೊಂಡು ಮಲಗೋರು. ಆಯಿ ಹೋದ ದಿನ, ಆಕಿ ನನ್ನ ಹೆಂಗ ಸಾಕಿದ್ಲು ಅನ್ನೂದನ್ನ ನಿಮ್ಮವ್ವ ನೂರು ಸಲ ಹೇಳಿರ್ತಾಳ ಬಿಡು, ಆ ದಿನ ಪಡಸಾಲ್ಯಾಗ ಆಯೀನ ಕುಂದರಿಸ್ಯಾರ, ಭಜನಿ ನಡದೈತಿ, ಹೆಣಮಕ್ಕಳು ಹಾಡ್ಯಾಡಿ ಅಳಾಕತ್ತಾರ, ನಂಗ ಹಸಿವು. ಅಂಥಿಂಥಾ ಹಸಿವಲ್ಲ, ಹೊಟ್ಟಿ ಹಿಂಡೂವಂಥಾದ್ದು. ಅಡಗಿ ಮನಿ ಕತ್ತಲ್ದಾಗ ಬುಟ್ಟ್ಯಾಗ ಕಟಕ ರೊಟ್ಟಿ ಇದ್ವು. ಮುರದ್ರ ಸಪ್ಪಳ ಆಗತೈತಿ ಅಂತ ಪರಕರದಾಗ ಸುತ್ತಿ ಮುರದೆ. ಬಾಯಾಗ ಇಟ್ಟು ಅಗೀಲಿಲ್ಲ, ಅಗದ್ರ ಮತ್ತ ಸಪ್ಪಳ, ಹಂಗ ನೆನೆಸಿ ಮೆತ್ತಗ ಮಾಡಿ ನುಂಗಿದೆ, ಮ್ಯಾಲ ಒಂದು ಚಿಮಟಿ ಶೇಂಗಾ ಹಿಂಡಿ. ಅದು ಮುಗದ ಮ್ಯಾಲ ಇನ್ನೊಂದು ರೊಟ್ಟಿ. ಆಮ್ಯಾಲ ಹೊರಗ ಬಂದು ಅತ್ತೆ, ಖರೇನ ಅತ್ತೆ, ಎದಿ ಒಡದು ಹೋಗೂವಂಗ ಅತ್ತೆ, ಆದ್ರ ಹಲ್ಲಿನ ಸಂದ್ಯಾಗ ಹಿಂಡಿ ಸಿಕ್ಕಿತ್ತು.

ನಂದು ಕಲ್ಲೆದಿ ಅಂತ ನಾ ಎಷ್ಟು ವರ್ಷ ತಿಳಕೊಂಡಿದ್ದೆ ಅಂತೀ. ಹೆಣದ ಮನ್ಯಾಗ ರೊಟ್ಟಿ ತಿಂದ ಹುಡುಗಿನ ನಾ ಯಾ ಕಥ್ಯಾಗೂ ಕಂಡಿರ್ಲಿಲ್ಲ ನೋಡು. ಅವ್ವಗ ಹೇಳ್ಲಿಲ್ಲ, ನಿಮ್ಮವ್ವಗ ಹೇಳ್ಲಿಲ್ಲ, ನಿಮ್ಮ ದೊಡ್ಡಪ್ಪಗ ಇವತ್ತಿನ ತನಕ ಹೇಳಿಲ್ಲ. ನಿನ್ನ ಆ ಸಾಲು ಓದಿದ ಕೂಡ್ಲೆ ಮೊದಲ ನೆನಪಾಗಿದ್ದು ಅದ ರೊಟ್ಟಿ. ನಂಗ ಅನ್ನಿಸಿದ್ದೂ ಹಿಂಗನ ಇತ್ತಲ್ಲ, ಏನೋ ಕಮ್ಮಿ ಐತಿ ಅಂತ. ನಾ ಯಾರಿಗರ ಹೇಳಿದ್ರ ಯಾರರ ನಕ್ಕು, ಹುಚ್ಚಿ, ನಂಗೂ ಹಂಗ ಆಗಿತ್ತು ಅಂತಿದ್ರೋ ಏನೋ. ನೀ ಹೇಳಿದಿ, ಅಷ್ಟರ ಮಟ್ಟಿಗೆ ನೀ ನನಗಿಂತ ಗಟ್ಟಿ.

ಇನ್ನೊಂದು ನಿಂಗ ಗೊತ್ತಿಲ್ಲ, ನಾನೂ ಕಥಿ ಬರೀತಿದ್ದೆ. ಎರಡುಗೀಟಿನ ನೋಟ್‌ಬುಕ್ಕಿನಾಗ. ಅದರಾಗೊಬ್ಬಾಕಿ ಅನಾಥ ಹುಡುಗಿ, ಬೆಂಗಳೂರಿನ ಬಂಗ್ಲೆದಾಗ ಇರ್ತಾಳ, ಮನಸಿಗೆ ಬ್ಯಾಸರಾದ್ರ ಪಿಯಾನೋ ನುಡಸ್ತಾಳ. ನಾ ಬೆಂಗಳೂರೂ ನೋಡಿರ್ಲಿಲ್ಲ, ಪಿಯಾನೋನೂ ನೋಡಿರ್ಲಿಲ್ಲ! ಅದನ್ನ ಬರೀತಿದ್ದಿದ್ದು ಎಲ್ಲಿ ಅಂದ್ರ, ಸೂಟಿಗೆ ಗುಳೇದಗುಡ್ಡಕ್ಕ ಹೋದಾಗ ಸೋದರತ್ತಿ ಮನಿ ಕಟ್ಟಿ ಮ್ಯಾಲ ಕುಂತು. ಬಾಜೂಕ ನನ್ನ ವಾರಿಗಿಯಾಕಿ ಒಬ್ಬಾಕಿ ಕುಂತು ಕಂಡಿಕಿ ಸುತ್ತತಿದ್ಲು, ಅವರದು ಖಣ ನೇಯೋ ಮನಿ, ಏಳನೇತ್ತಾಕ್ಕ ಸಾಲಿ ಬಿಡಿಸಿದ್ರು. ಆಕಿ ಒಳಗಿನ ಮಗ್ಗದ ಸಪ್ಪಳ ಕೇಳಿ, ಕುಣ್ಯಾಗ ಅಪ್ಪ ಕುಂತಾನೋ ಅಣ್ಣ ಕುಂತಾನೋ ಹೇಳ್ತಿದ್ಲು. ಅಪ್ಪ ಆದ್ರ ಸಿಟ್ನಾಗ ಅದಾನೋ ಇಲ್ಲೋ ಅದನ್ನೂ ಹೇಳ್ತಿದ್ಲು, ಸಿಟ್ಟಿದ್ರ ಲಾಳಿ ಓಡೂದ ಬ್ಯಾರೆ ಅಂತ. ನೂಲು ಕೊಡೋ ಸಾವಕಾರ ಬಂದು ಹ್ವಾದ ಮ್ಯಾಲ ಅವನ ಹಂಗ ಕೆಮ್ಮಿ ತೋರಸ್ತಿದ್ಲು, ನಕ್ಕು ನಕ್ಕು ನನ್ನ ಪೆನ್ನ ಕೈಬಿಡೂದು. ಅಂಥಾಕಿ ಮಗ್ಗಲದಾಗಿದ್ರೂ ನಾ ನಗೂದು ಮುಗಿಸಿ ಮತ್ತ ಪಿಯಾನೋಕ್ಕ ಹೊಳ್ಳತಿದ್ದೆ. ಆಕಿ ಈಗಿಲ್ಲ. ಆಕಿ ಮಾತು ಒಂದರ ಬರದಿಟ್ಟಿದ್ರ ಅಂತ ಈಗೀಗ ಬಾಳ ಅನ್ನಸತೈತಿ, ಕೈಗೆ ನೂಲಿನ ಬಣ್ಣ ಹತ್ತಿರ್ತಿತ್ತು ಅನ್ನೂದು ನೆನಪೈತಿ, ಯಾ ಬಣ್ಣ ಅನ್ನೂದು ಇಲ್ಲ. ನೋಟ್‌ಬುಕ್ಕೂ ಮುಳುಗಡಿ ಟೈಮಿನಾಗ, ಆಲಮಟ್ಟಿ ಡ್ಯಾಮಿನ ನೀರು ಊರಿಗೆ ಬರತೈತಿ ಅಂತ ಸಾಮಾನು ಸಾಗಿಸೂ ಮುಂದ ಎಲ್ಲಿ ಹೋತೋ.

ಮುಳುಗಡಿ ಅಂದ ಕೂಡ್ಲೆ ಆಗ ನಾ ಕಲಿಸ್ತಿದ್ದ ಹತ್ತನೇತ್ತಾ ಹುಡುಗೂರು ನೆನಪಾದ್ರು ನೋಡು. ಆಲಮಟ್ಟಿ ನೀರು 519.6 ಮೀಟರ್ ತನಕ ನಿಲ್ಲತೈತಿ ಅನ್ನೋ ಲೆಕ್ಕ ಆ ಹುಡುಗೂರಿಗೆ ಗಣಿತದ ಸೂತ್ರಕ್ಕಿಂತ ಛಲೋ ಬಾಯಿಪಾಠ ಆಗಿತ್ತು. ಹದಿನೈದು ಹದಿನಾರರ ಹುಡುಗೂರು ಸಾಲಿ ತಪ್ಪಿಸಿ ಅಪ್ಪನ ಜೋಡಿ ತಮ್ಮ ಮನಿ ತಾವ ಬಿಚ್ಚತಿದ್ರು, ತೊಲಿ, ಬಾಗಲಾ, ಚೌಕಟ್ಟು, ಹೊಸಾ ಜಾಗಾದಾಗ ಬೇಕಾಗ್ತಾವ ಅಂತ. ಮರುದಿನ ಅಂಗೈ ಗುಳ್ಳಿ ತೋರಿಸಿ ಹೋಂವರ್ಕ್ ಮಾಡಿಲ್ರೀ ಟೀಚರ್ ಅಂತಿದ್ರು, ಹೇಳೂ ಮುಂದ ಒಳಗೊಳಗ ಒಂಥರಾ ಖುಷಿ ಬ್ಯಾರೆ, ಹೋಂವರ್ಕ್ ತಪ್ಪಿತಲ್ಲ ಅಂತ! ಮನಿ ಹೋಗಾಕತ್ತೈತಿ, ಹುಡುಗಗ ಹೋಂವರ್ಕ್ ತಪ್ಪಿದ ಖುಷಿ. ನಿನ್ನ ಆ ಹೀರೋ ಗ್ವಾಡಿಗೆ ಗುದ್ದೂದು ಓದಿದಾಗೆಲ್ಲಾ ನಂಗ ಇವರ ಕಾಣತಾರ, ಗುದ್ದೇನಂದ್ರ ಗ್ವಾಡಿನ ಉಳಿದಿರ್ಲಿಲ್ಲ.

ಎಲ್ಲಿಂದ ಎಲ್ಲಿಗೋ ಹೊಂಟೆ. ನಿನ್ನ ಮಾತಿಗೆ ಬರ್ತೀನಿ.

ಯಾರೋ ನಿನ್ನ ಕಥಿ ಓದಿ ಇಕಿ ಮೇರಿ ಸ್ಯೂ ಅಂತ ಚಾಷ್ಟಿ ಮಾಡ್ಯಾರಂತ ಬರದಿದ್ದಿ. ನಂಗ ತಿಳೀಲಿಲ್ಲ, ನಿಮ್ಮಣ್ಣ ಹುಡುಕಿ ಓದಿ ಹೇಳಿದ. 1973ರಾಗ ಅಮೆರಿಕಾದಾಗ ಪೌಲಾ ಸ್ಮಿತ್ ಅನ್ನಾಕಿ, ಸ್ಟಾರ್ ಟ್ರೆಕ್ ಅನ್ನೋ ಬಾಹ್ಯಾಕಾಶ ಹಡಗಿನ ಟಿವಿ ಧಾರಾವಾಹಿ ಅಭಿಮಾನಿಗಳು ತಾವ ಅಚ್ಚು ಹಾಕ್ಕೊಳ್ಳೋ ಪತ್ರಿಕ್ಯಾಗ ಒಂದು ಸಣ್ಣ ನಗಿಚಾಟಿಕಿ ಬರದಿದ್ಲಂತ. ಅದರಾಗಿನ ಹುಡುಗಿ ಹೆಸರ ಮೇರಿ ಸ್ಯೂ, ಆಕಿಗೆ ಹದಿನೈದೂವರಿ ವರ್ಷ, ಆಗ್ಲೇ ಆ ಪಡೆದಾಗ ಎಲ್ಲಾರಿಗಿಂತ ಸಣ್ಣ ಲೆಫ್ಟಿನೆಂಟು, ಬಂದ ಕೂಡ್ಲೆ ಕ್ಯಾಪ್ಟನ್ ಮನಸು ಕೊಡ್ತಾನ, ಹಡಗೂ ಆಕಿ ಕೈಗೇ, ಎಲ್ಲಾ ಆಕಿಗೆ ಬರತೈತಿ, ಕೊನಿಗೆ ಸಾಯ್ತಾಳ, ದೊಡ್ಡ ದೊಡ್ಡ ಗಂಡಸರು ಸುತ್ತ ನಿಂತು ಅಳ್ತಾರ. ಅಭಿಮಾನಿಗಳು ಕಳಸೋ ಕಥಿಗಳಾಗ ಇಂಥಾ ಹುಡುಗ್ಯಾರು ಬಂದು ಬಂದು ಸಾಕಾಗಿ ಆಕಿ ಅಣಕಿಸಿದ್ದು. ನಿಮ್ಮಣ್ಣ ನಗಾಕತ್ತಿದ್ದ, ನಂಗ ಮಾತ್ರ ಆ ಬರೀತಿದ್ದ ಹುಡುಗ್ಯಾರ ಮ್ಯಾಲ ಕನಿಕರ ಬಂತು. ಮನ್ಯಾಗ ಯಾರೂ ಮಾತ ಕೇಳವಲ್ರು ಅಂದ್ರ ಕಥ್ಯಾಗರ ಕ್ಯಾಪ್ಟನ್ ಕೇಳಲಿ ಅನ್ನಸೂದಿಲ್ಲೇನು? ನನ್ನ ಪಿಯಾನೋ ಹುಡುಗಿಯೂ ಅದ ಜಾತಿಯಾಕಿನ. ಅದಕ್ಕ ಯಾರರ ಹಂಗಂದ್ರ ನಾಚಿ ಕಥಿ ಅಳಸಬ್ಯಾಡ. ಆದ್ರ ಆಕಿನ್ನ ನಿನ್ನ ಅಳತಿಗೋಲೂ ಮಾಡ್ಕೋಬ್ಯಾಡ. ಬರದಾಕಿ ನೀನು, ಆಕಿ ಬಂದು ನಿನ್ನ ತಪ್ಪು ತಗೀತಾಳ ಅಂದ್ರ ಏನರ್ಥ.

ಬನದ ಹುಣ್ಣಿವಿಗೆ ಬನಶಂಕರಿ ಜಾತ್ರ್ಯಾಗ ನಾಟಕ ಕಂಪನಿ ಬಂದು ಥೇಟರ್ ಹಾಕ್ತಾವಲ್ಲ, ಅಲ್ಲೂ ಇದ ಸರಕು, ಮೀಸಿ ಗೌಡ, ಕುಡುಕ, ಕೂಲಿಂಗ್ ಗ್ಲಾಸಿನ ಕಾಲೇಜ್ ಹುಡುಗಿ. ಅಲ್ಲಿ ಅದು ಬೇಕ ಬೇಕು, ಹೊಲಾ ಮನಿ ಬಿಟ್ಟು ಬಂದ ಮಂದಿ ನಡುರಾತ್ರ್ಯಾಗ ತೂಕಡಿಸ್ಕೋತ ಕುಂತಿರ್ತಾರ, ಪಾತ್ರ ಒಳಗ ಬಂದ ಗಳಿಗಿಗೆ ಇಂವ ಇಂಥಾಂವ ಅಂತ ತಿಳೀಬೇಕು. ಆದ್ರ ಆ ಗ್ಲಾಸಿನ ಹುಡುಗಿ ಪಾರ್ಟ್ ಮಾಡಾಕಿ ಇರ್ತಾಳಲ್ಲ, ಮುಂದಿನ ಸಾಲಿನಾಂವ ಏನರ ಅಂದ್ರ ಅಲ್ಲೇ ತಿರುಗಿ ಜಾಡಸ್ತಾಳ, ದನಿ ಬಿದ್ದಿದ್ರ ಬಿದ್ದ ದನಿಯಾಗ ಹಾಡ್ತಾಳ. ಖಾಲಿ ಪಾತ್ರದಾಗ ಜೀವ ತುಂಬಾಕಿ ಆಕಿ. ಕಥಿ ಬರಿಯೂ ಮುಂದ ಆ ಕೆಲಸಾ ಮಾಡಾಕ ಇನ್ನೊಬ್ಬರಿಲ್ಲ, ನೀನ ಮಾಡಬೇಕು. ನಿನ್ನೊಳಗ ಏನೋ ಕಮ್ಮಿ ಐತಿ ಅಂದ್ಯಲ್ಲ, ನಂಗ ಅನ್ಸೂದೇನಂದ್ರ ಕಮ್ಮಿ ಬಿದ್ದಿದ್ದು ಆ ಪಾತ್ರದಾಗ, ನೀ ಅದನ್ನ ನಿನ್ನ ಮ್ಯಾಲ ಹಾಕ್ಕೊಂಡಿ.

ಇನ್ನ ಏನ ಮಾಡಬೇಕು ಅಂದ್ರ, ನಾ ಏನ್ ಹೇಳ್ಲಿ, ನನ್ನ ಒಂದು ಕಥಿನೂ ಅಚ್ಚಾಗಿಲ್ಲ. ಆದ್ರೂ ಒಂದೆರಡು, ಬ್ಯಾಡಂದ್ರ ಬಿಡು. ನಿನ್ನ ಹೀರೋ ಬುಲೆಟ್ ಮ್ಯಾಲ ಬರಲಿ, ನಾ ಬ್ಯಾಡನ್ನೂದಿಲ್ಲ, ಓದೋರಿಗೂ ಅದು ಬೇಕಂತೀ, ಒಮ್ಮೆರ ಪೆಟ್ರೋಲ್ ಖಾಲಿ ಆಗಲಿ, ಕಿಸೇದಾಗ ಎಷ್ಟ ರೊಕ್ಕಾ ಅದಾವ ಅಂತ ನೋಡ್ಕೊಳ್ಳಿ. ಆ ದಪ್ಪ ಗೆಳತಿಗೆ ಒಂದು ಮನಿ ಕೊಡು, ಒಬ್ಬ ತಮ್ಮನ್ನ ಕೊಡು. ನಿನ್ನ ಬಾಜು ಕಾಟಿನ ಹುಡುಗಿ ನಿದ್ದಿಗಣ್ಣಾಗ ಕೆಮಿಸ್ಟ್ರಿ ಬಡಬಡಸ್ತಾಳ ಅಂತ ಬರದಿದ್ಯಲ್ಲ, ನಿನ್ನ ಪತ್ರದಾಗ ನಂಗ ಎಲ್ಲಾರಿಗಿಂತ ಸೇರಿದಾಕಿ ಆಕಿ, ಆದ್ರ ಆಕಿ ಹೆಸರು ಹಾಕಿ ಬರೀಬ್ಯಾಡ ಮತ್ತ, ಜಗಳ ಆದೀತು. ಎಷ್ಟ ಮಂದಿ ಓದಿದ್ರು ಅಂತ ನಡುರಾತ್ರ್ಯಾಗ ಎದ್ದು ಮೊಬೈಲ್ ನೋಡೂದು ಬಿಡು ಅಂದ್ರ ಬಿಡ್ತೀಯೋ ಇಲ್ಲೋ, ಪರೀಕ್ಷಾ ಮುಗಿಯೂ ತನಕರ ಬಿಡು. ಆ ಅನ್ನಿಸಿಕಿ ಮತ್ತ ಬಂದ್ರ, ಬಂದ ಬರತೈತಿ, ನಗೂ ಮುಖ ಬಿಡಿಸೂ ಬದ್ಲು ನಂಗ ಫೋನ್ ಮಾಡು, ರಾತ್ರಿ ಹತ್ತರ ಮ್ಯಾಲಾದ್ರೂ ನಡೀತೈತಿ, ನಂಗೂ ನಿದ್ದಿ ಇಲ್ಲ. ನಿಮ್ಮವ್ವಗ ಈ ರೊಟ್ಟಿ ಸುದ್ದಿ ಹೇಳಬ್ಯಾಡ, ನಾನ ಯಾವಾಗರ ಹೇಳ್ತೀನಿ.

ಮುಂದಿನ ಭಾಗ ಬರದ ಕೂಡ್ಲೆ ಕಳಸು. ವಾಟ್ಸಾಪ್‌ದಾಗ ಫೋಟೋ ತಗದು ಹಾಕಬ್ಯಾಡ, ಅಕ್ಷರ ಕಾಣೂದಿಲ್ಲ. ಪ್ರಿಂಟ್ ತಗಿಸಿ ನಿಮ್ಮಪ್ಪ ಬೆಳಗಾವಿಯಿಂದ ಹೊಳ್ಳೂ ಮುಂದ ಅವನ ಕೈಯಾಗ ಕೊಡು, ಓದಬ್ಯಾಡ ಅಂತ ಅವಗ ತಾಕೀತು ಮಾಡಿ ಕೊಡು. ಬರೂ ಮುಂದ ಡಬ್ಬಿನೂ ಕಳಸು, ಶೇಂಗಾ ಹೋಳಿಗಿ ಕಳಸಿದ್ದು ಇನ್ನೂ ಹೊಳ್ಳಿ ಬಂದಿಲ್ಲ.

ನಿನ್ನ ದೊಡ್ಡವ್ವ