ನಿನ್ನ ಹುಡುಗಿಯ ಕೈ ಕಾಣಲಿಲ್ಲ

ಪ್ರೀತಿಯ ತಮ್ಮ,

ನಿನ್ನ ಕಥೆ ಬಂದು ಮೂರು ವಾರವಾಯಿತು. ತೀರ್ಥಹಳ್ಳಿಯ ಮಳೆಗೆ ಕವರ್ ನೆಂದು ಮುದ್ದೆಯಾಗಿತ್ತು. ಹಾಳೆಗಳನ್ನು ಒಲೆ ಪಕ್ಕ ಒಣಗಿಸಿ ಓದಿದೆ. ಈಗ ಅದಕ್ಕೆ ಹೊಗೆ ವಾಸನೆ. ಬೇಜಾರು ಮಾಡಿಕೊಳ್ಳಬೇಡ.

ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ಮೂರು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯಲ್ಲ ಅಂತ ಕೊನೆಯಲ್ಲಿ ಗೀಚಿದ್ದೀಯಲ್ಲ, ಈ ಪತ್ರ ಅದಕ್ಕೆ. ಮೂರೇ ಸಲಕ್ಕೆ? ಮಂಗ ಬಂದು ಹೆಂಚು ಒಡೆಯಿತು ಅಂತ ನಮ್ಮ ಕಡೆ ಯಾರಾದರೂ ಮನೆ ಬಿಟ್ಟಿದ್ದಾರಾ?

ಟೀವಿ, ಸಿನಿಮಾ, ಜಾಹೀರಾತು ಎಲ್ಲ ಹೆಣ್ಣನ್ನು ಬರೀ ಮೈಯಾಗಿ ತೋರಿಸುತ್ತವೆ ಅನ್ನೋದು ನಿನ್ನ ಸಿಟ್ಟು. ಸಿಟ್ಟು ಸರಿಯೇ. ಜಾಹೀರಾತಿನಲ್ಲಿ ಅದನ್ನು ತಡೆಯಲಿಕ್ಕೆ 1986ರಲ್ಲೇ ಒಂದು ಕಾನೂನು ಬಂದಿದೆ. ಆದರೆ ನಿನ್ನ ಮೊದಲ ಪುಟ ತೆಗೆದು ನೋಡು. ಹುಡುಗಿ ಬೆಂಗಳೂರಿನ ಬಸ್ಸಿಳಿದು ಸೀದಾ ಚರ್ಚಿನ ಪೂಜೆಗೆ ಬರುತ್ತಾಳೆ. ತೋಳಿಲ್ಲದ ಟಾಪು, ಬಿಗಿ ಜೀನ್ಸು, ಬಗ್ಗಿದಾಗ ಕಂಡದ್ದು. ಹನ್ನೊಂದು ಸಾಲು, ಎಣಿಸಿದ್ದೇನೆ. ರಾತ್ರಿಯಿಡೀ ಬಸ್ಸಲ್ಲಿ ಬಂದವಳಿಗೆ ವಾಂತಿ ಬಂತಾ, ಬ್ಯಾಗಲ್ಲಿ ಅಮ್ಮನಿಗೆ ಏನಿತ್ತು, ಕೈ ಹೇಗಿತ್ತು, ಒಂದೂ ಇಲ್ಲ. ನೀನು ಬೈಯುವ ಕ್ಯಾಮೆರಾ ನಿನ್ನ ಹೆಗಲ ಮೇಲೇ ಇದೆಯಲ್ಲೋ ಮಾರಾಯ! ಕೊನೆಗೆ ಅವಳಿಗೆ ಕಷ್ಟ ಕೊಟ್ಟು, ಸೀರೆ ಉಡಿಸಿ, ಅಳಿಸಿ ಚರ್ಚಿಗೆ ಕರೆತಂದೆ. ಅವಳನ್ನು ಅಷ್ಟು ಹೊತ್ತು ನೋಡಿದವರಿಗೆ ಏನೂ ಆಗಲಿಲ್ಲ.

ಹೆಂಗಸರ ಉಡುಪಿನ ಬಗ್ಗೆ ಬೈಬಲಲ್ಲಿರುವ ಪೌಲನ ಮಾತು ಹಾಕಿದ್ದೀಯ, ಅರ್ಧ ಮಾತ್ರ. ತಿಮೊಥೆಯನಿಗೆ ಬರೆದ ಮೊದಲ ಪತ್ರ, ಎರಡನೇ ಅಧ್ಯಾಯ, ಒಂಬತ್ತನೇ ವಚನ. ಪೂರ್ತಿ ಓದು. ಮರ್ಯಾದೆಯ ಉಡುಪು ಅಂದವನು ಬೇಡ ಅಂತ ಪಟ್ಟಿ ಕೊಟ್ಟಿರೋದು ಯಾವುದನ್ನು? ಜಡೆ ಅಲಂಕಾರ, ಚಿನ್ನ, ಮುತ್ತು, ದುಬಾರಿ ಬಟ್ಟೆ. ತೋಳಿನ ಮಾತೇ ಇಲ್ಲ. ಶಿವಮೊಗ್ಗದ ಗೋಪಿ ಸರ್ಕಲ್ಲಿಗೆ ಹೋದಾಗ ಆಭರಣದ ಅಂಗಡಿಗಳ ಫ್ಲೆಕ್ಸ್ ನೋಡು. ಮದುಮಗಳು ಕತ್ತಿನಿಂದ ಕಾಲಿನ ತನಕ ಮುಚ್ಚಿಕೊಂಡಿರುತ್ತಾಳೆ, ಮೇಲೆ ಚಿನ್ನ ಹೇರಿರುತ್ತಾರೆ. ಅದನ್ನು ಯಾರೂ ಅಸಭ್ಯ ಅನ್ನೋದಿಲ್ಲ, ಅಲ್ವಾ? ನನ್ನ ಇಷ್ಟು ವರ್ಷದಲ್ಲಿ ತೋಳಿನ ಮೇಲೆ ಎಷ್ಟೋ ಶೆರ್ಮಾಂವ್, ಅಂದರೆ ಚರ್ಚಿನ ಪ್ರವಚನ, ಕೇಳಿದ್ದೇನೆ. ಮುಂದಿನ ಬೆಂಚಿನ ಚಿನ್ನದ ಮೇಲೆ ಒಂದೂ ಕೇಳಿಲ್ಲ. ಇನ್ನು ಮತ್ತಾಯನ ಐದನೇ ಅಧ್ಯಾಯದಲ್ಲಿ ಯೇಸು ಕಣ್ಣು ಕಿತ್ತು ಬಿಸಾಡು ಅಂದದ್ದು ನೋಡುವವನಿಗೆ. ಆ ಕಣ್ಣಿನ ಕಥೆ ಬರಿ.

ಇಷ್ಟು ಜೋರು ಮಾಡೋಕೆ ಕಾರಣ ಇದೆ. ನನ್ನದು ಇನ್ನೂ ದೊಡ್ಡ ತಪ್ಪು.

ನಮ್ಮಮ್ಮ ಸುಗ್ಗಿಯಲ್ಲಿ ಕಂಡವರ ಮನೆ ಅಡಿಕೆ ಸುಲಿಯಲು ಹೋಗುತ್ತಿದ್ದಳು. ರಾತ್ರಿ ಹನ್ನೆರಡರ ತನಕ ಮೆಟ್ಟುಗತ್ತಿ ಮುಂದೆ. ಹಸಿ ಅಡಿಕೆಯ ಚೊಗರಿಗೆ ಬೆರಳೆಲ್ಲ ಕಪ್ಪು. ಹುಣಸೆಹುಳಿ ಹಾಕಿ ತಿಕ್ಕಿದರೂ ಉಗುರಿನ ಸಂದಿಯದು ಹೋಗುತ್ತಿರಲಿಲ್ಲ. ಹೆಂಗಸರು ಚರ್ಚಲ್ಲಿ ತಲೆ ಮುಚ್ಚಬೇಕು ಅಂತ ಕ್ಯಾಥೊಲಿಕ್ ಚರ್ಚಿನ 1917ರ ಕಾನೂನು ಸಂಹಿತೆಯಲ್ಲಿತ್ತು. 1983ರ ಹೊಸದರಲ್ಲಿ ಅದು ಇಲ್ಲ. ಅಮ್ಮನಿಗೆ ಅದೆಲ್ಲ ಗೊತ್ತಿರಲಿಲ್ಲ, ಕೊನೆಯ ತನಕ ಸೆರಗು ಹೊದ್ದೇ ಹೋದಳು. ಆದರೆ ಸೆರಗಿನ ತುದಿಯಲ್ಲಿ ಅವಳು ಮುಚ್ಚುತ್ತಿದ್ದದ್ದು ಆ ಬೆರಳುಗಳನ್ನು. ಪಕ್ಕದಲ್ಲೇ ಕೂತ ನಾನು ಪ್ರತಿ ಭಾನುವಾರ ನೋಡಿದ್ದೇನೆ.

ಇಂಥ ಅಮ್ಮನ ಮಗಳು ನಾನು, ಮೊದಲ ಕಥೆಯಲ್ಲಿ ಏನು ಬರೆದೆ ಗೊತ್ತಾ? ಆಗಿನ ಸಿನಿಮಾಗಳಲ್ಲಿ ಕ್ರಿಶ್ಚಿಯನ್ ಹುಡುಗಿ ಅಂದರೆ ಸಾಮಾನ್ಯವಾಗಿ ಗಿಡ್ಡ ಫ್ರಾಕು, ಕೈಯಲ್ಲಿ ಗ್ಲಾಸು, ಹೆಸರು ರೋಸಿಯೋ ಲಿಲ್ಲಿಯೋ. ವಾರಪತ್ರಿಕೆಯ ಸಂಪಾದಕರೊಬ್ಬರು, "ನಾಯಕಿಗೆ ಫ್ರಾಕ್ ಹಾಕಿಸಿ, ಓದುವವರಿಗೆ ಥಟ್ಟನೆ ಗುರುತು ಸಿಗುತ್ತೆ" ಅಂದರು. ಹಾಕಿಸಿದೆ. ಸುಮ್ನೆ ಒಂದು ಫ್ರಾಕು ತಾನೇ ಅಂದುಕೊಂಡೆ. ಅಚ್ಚಾಯಿತು, ಮೆಚ್ಚುಗೆಯ ಕಾಗದ ಬಂದವು. ಅಮ್ಮ ಚಿಮಣಿ ಬೆಳಕಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಪತ್ರಿಕೆ ಮಡಚಿಟ್ಟು, "ಇವಳು ಯಾರ ಮನೆಯವಳೇ?" ಅಂದಳು. ಅಷ್ಟೇ. ಎದ್ದು ಗಂಜಿ ಬಡಿಸಿದಳು.

ಆ ಸಂಪಾದಕರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಪೆನ್ನು ಹಿಡಿದಿದ್ದು ನಾನಲ್ವಾ.

ನಿನ್ನ ಆರನೇ ಪುಟದಲ್ಲಿ ಒಂದು ಕಡೆ ಹುಡುಗಿ ಚರ್ಚಿನ ಹೊರಗೆ ಚಪ್ಪಲಿ ಹುಡುಕುತ್ತಾ ನಿಲ್ಲುತ್ತಾಳೆ. ಎಲ್ಲರೂ ಹೋಗಿರುತ್ತಾರೆ, ಮಳೆ ಶುರುವಾಗುತ್ತೆ. ಅಲ್ಲಿ ನೀನು ಅವಳನ್ನು ನಿಜವಾಗಿ ನೋಡಿದ್ದೀಯ. ಎರಡು ಸಲ ಓದಿದೆ. ಅಲ್ಲಿಂದ ಶುರು ಮಾಡು.

ಸೆಪ್ಟೆಂಬರ್ 8ಕ್ಕೆ ತೆನೆ ಹಬ್ಬ, ಊಟಕ್ಕೆ ಬಾ. ಬರೋಕಾಗದಿದ್ದರೆ ಕಥೆ ತಿದ್ದಿ ಕಳಿಸು. ಈ ಸಲ ಪ್ಲಾಸ್ಟಿಕ್ ಕವರಲ್ಲಿ ಹಾಕು.

ನಿನ್ನ ಅಕ್ಕ